ಬಂದರಿನ ಬಾಗಿಲು ಕಾದ ಸಂತ

ಸೆಪ್ಟೆಂಬರ್ 8 ಬಂತೆಂದರೆ ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಸಂಭ್ರಮ. ಮಾತೆ ಮರಿಯಮ್ಮನವರ ಜನ್ಮೋತ್ಸವ, ಮೊಂತಿ ಹಬ್ಬ, ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲಮಾತೆಯ ಪಾದಕ್ಕೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಹೊಸ ಅಕ್ಕಿಯ ಊಟ ಮಾಡುತ್ತಾರೆ. ಆದರೆ ಮರುದಿನ ಬೆಳಗಿನ ಬಲಿಪೂಜೆಗೆ ಬರುವವರು ಹತ್ತಾರು ಮಂದಿ ಮಾತ್ರ. ಆ ದಿನ ಧರ್ಮಸಭೆ ಸ್ಮರಿಸುವ ಸಂತರ ಹೆಸರು ಹೆಚ್ಚಿನವರ ಕಿವಿಗೆ ಬೀಳುವುದೇ ಇಲ್ಲ. ಅವರೇ ಸಂತ ಪೇತ್ರ ಕ್ಲಾವೆರ್. ಅವರು ಈ ಲೋಕವನ್ನು ಬಿಟ್ಟು ಹೋದದ್ದು 1654ರ ಸೆಪ್ಟೆಂಬರ್ 8ರಂದು, ಅಂದರೆ ನಮ್ಮ ಹಬ್ಬದ ದಿನವೇ. ದೂರದ ಒಂದು ಬಂದರಿನಲ್ಲಿ ಬಾಗಿಲು ಕಾಯುತ್ತ ಬಾಳನ್ನು ಸವೆಸಿದ ಈ ಯಾಜಕರ ಕಥೆಯನ್ನು, ಬಂದರುಗಳ ನೆರಳಿನಲ್ಲೇ ಬೆಳೆದ ನಾವು ಒಮ್ಮೆ ನೆನೆಯುವುದು ಯೋಗ್ಯ.

ಆ ಬಂದರಿನ ಹೆಸರು ಕಾರ್ತಹೇನ. ದಕ್ಷಿಣ ಅಮೆರಿಕದ ಉತ್ತರದ ಅಂಚಿನಲ್ಲಿ, ಕೆರಿಬಿಯನ್ ಸಮುದ್ರದ ದಡದಲ್ಲಿ, ಇಂದಿನ ಕೊಲಂಬಿಯ ದೇಶದಲ್ಲಿದೆ. ಪೆದ್ರೊ ದೆ ಎರೆದಿಯ ಎಂಬ ಸ್ಪೇನಿನ ಸೇನಾನಿ 1533ರಲ್ಲಿ ಇದನ್ನು ಸ್ಥಾಪಿಸಿದನು. ಒಳಗೆ ವಿಶಾಲವಾದ ಕೊಲ್ಲಿ, ಹೊರಗೆ ಕಿರಿದಾದ ಕಡಲಬಾಯಿಗಳು. ಹಡಗುಗಳಿಗೆ ಇದಕ್ಕಿಂತ ಸುರಕ್ಷಿತ ತಾಣ ಆ ತೀರದಲ್ಲಿರಲಿಲ್ಲ. ಪೆರುವಿನ ಬೆಳ್ಳಿ ಪನಾಮದ ಕಿರುನೆಲವನ್ನು ದಾಟಿ ಬಂದ ಮೇಲೆ ಅದನ್ನು ಹೊತ್ತೊಯ್ಯುವ ಸ್ಪೇನಿನ ನೌಕಾಪಡೆ ಇಲ್ಲಿ ಲಂಗರು ಹಾಕುತ್ತಿತ್ತು. ಸಂಪತ್ತು ಇದ್ದಲ್ಲಿ ಕಳ್ಳರೂ ಇರುತ್ತಾರೆ. 1586ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಈ ನಗರವನ್ನು ಹಿಡಿದು, ದೊಡ್ಡ ಮೊತ್ತದ ಒತ್ತೆಹಣವನ್ನು ಕಿತ್ತುಕೊಂಡು ಹೋದನು. ಆ ಬಳಿಕ ಸ್ಪೇನಿನ ಅರಸರು ನಗರದ ಸುತ್ತ ಕೋಟೆಗೋಡೆಗಳನ್ನು ಎಬ್ಬಿಸಿದರು. ಆ ಕೆಲಸ ಸುಮಾರು ಎರಡು ಶತಮಾನಗಳ ಕಾಲ ನಡೆಯಿತು. ಸಾನ್ ಫೆಲಿಪೆ ಎಂಬ ಗುಡ್ಡದ ಕೋಟೆ, ಬೋಕಚಿಕ ಎಂಬ ಕಡಲಬಾಯಿಯನ್ನು ಕಾಯುವ ದುರ್ಗಗಳು, ಇನ್ನೊಂದು ಕಡಲಬಾಯಿಯಾದ ಬೋಕಗ್ರಾಂದೆಯನ್ನು ಮುಚ್ಚಲು 18ನೇ ಶತಮಾನದಲ್ಲಿ ನೀರಿನೊಳಗೆ ಕಟ್ಟಿದ ಕಲ್ಲಿನ ಒಡ್ಡು, ಇವೆಲ್ಲವೂ ಇಂದಿಗೂ ನಿಂತಿವೆ. 1741ರಲ್ಲಿ ಇಂಗ್ಲಿಷ್ ದಳಪತಿ ವೆರ್ನನ್ ಮಹಾ ನೌಕಾಪಡೆಯೊಂದಿಗೆ ಬಂದು ಮುತ್ತಿಗೆ ಹಾಕಿದರೂ ಈ ಗೋಡೆಗಳು ಸೋಲಲಿಲ್ಲ. 1984ರಲ್ಲಿ ಯುನೆಸ್ಕೊ ಈ ಬಂದರನ್ನೂ ಕೋಟೆಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದು ಪ್ರವಾಸಿಯೊಬ್ಬನು ಆ ಹಳೆಯ ನಗರಕ್ಕೆ ಹೋದರೆ ಗಡಿಯಾರ ಗೋಪುರದ ಹೆಬ್ಬಾಗಿಲಿನ ಮೂಲಕ ಒಳಹೋಗುತ್ತಾನೆ. ಒಳಗೆ ಕಾಲಿಟ್ಟ ಕೂಡಲೇ ಸಿಗುವುದು ಒಂದು ತ್ರಿಕೋನಾಕಾರದ ಚೌಕ. ಸುತ್ತಲೂ ಬಣ್ಣಬಣ್ಣದ ಮನೆಗಳು, ಮರದ ಮೊಗಸಾಲೆಗಳು, ಮಿಠಾಯಿ ಮಾರುವ ಹೆಂಗಸರು. ಈ ಚೌಕದಲ್ಲಿಯೇ ಒಂದು ಕಾಲದಲ್ಲಿ ಮನುಷ್ಯರನ್ನು ಮಾರುತ್ತಿದ್ದರು. ಅಲ್ಲಿಂದ ಕೆಲವು ಹೆಜ್ಜೆ ನಡೆದರೆ ಯೇಸುಸಭೆಯವರ ಹಳೆಯ ಕಾಲೇಜಿನ ಕಟ್ಟಡ ಬರುತ್ತದೆ. ಅದರಲ್ಲಿ ಈಗ ಕೆರಿಬಿಯನ್ ನೌಕಾ ವಸ್ತುಸಂಗ್ರಹಾಲಯವಿದೆ. ಹಡಗುಗಳ ಮಾದರಿಗಳು, ಫಿರಂಗಿಗಳು, ಕಡಲಯುದ್ಧಗಳ ಚಿತ್ರಣಗಳು ಅಲ್ಲಿ ನೋಡಸಿಗುತ್ತವೆ. ಅದರ ಪಕ್ಕದಲ್ಲಿಯೇ ಸಂತ ಪೇತ್ರ ಕ್ಲಾವೆರರ ದೇವಾಲಯ ಮತ್ತು ಮಠ. ಬಲಿಪೀಠದ ಅಡಿಯಲ್ಲಿ ಸಂತರ ಅಸ್ಥಿಗಳನ್ನು ಇರಿಸಲಾಗಿದೆ. ಮಠದಲ್ಲಿ ಅವರು ಬಾಳಿದ, ಪ್ರಾಣಬಿಟ್ಟ ಚಿಕ್ಕ ಕೋಣೆಯನ್ನು ತೋರಿಸುತ್ತಾರೆ. ಪಕ್ಕಪಕ್ಕದಲ್ಲಿರುವ ಈ ಎರಡು ಕಟ್ಟಡಗಳು ಒಂದೇ ಬಂದರಿನ ಎರಡು ನೆನಪುಗಳು. ಒಂದು, ಹಡಗಿನ ಮೇಲಟ್ಟದಲ್ಲಿ ನಿಂತವರ ನೆನಪು. ಇನ್ನೊಂದು, ಹಡಗಿನ ತಳದಲ್ಲಿ ಸರಪಣಿಯಲ್ಲಿ ಬಿದ್ದಿದ್ದವರ ನೆನಪು. ಎರಡನೆಯ ನೆನಪನ್ನು ನಮಗಾಗಿ ಉಳಿಸಿಕೊಟ್ಟವರಲ್ಲಿ ಕ್ಲಾವೆರರು ಪ್ರಮುಖರು.

ಪೇತ್ರ ಕ್ಲಾವೆರರು ಹುಟ್ಟಿದ್ದು ಸ್ಪೇನಿನ ಕತಲೂನಿಯ ಪ್ರಾಂತದ ವೆರ್ದು ಎಂಬ ಹಳ್ಳಿಯಲ್ಲಿ, 1580ರ ಸುಮಾರಿಗೆ. ಅವರದು ಒಕ್ಕಲು ಕುಟುಂಬ. ಬಾರ್ಸಿಲೋನದಲ್ಲಿ ವ್ಯಾಸಂಗ ಮಾಡಿ 1602ರಲ್ಲಿ ತರಗೋನದಲ್ಲಿ ಯೇಸುಸಭೆಯನ್ನು ಸೇರಿದರು. 1605ರಲ್ಲಿ ಹಿರಿಯರು ಅವರನ್ನು ತತ್ವಶಾಸ್ತ್ರ ಕಲಿಯಲೆಂದು ಮಯೋರ್ಕ ದ್ವೀಪದ ಪಾಲ್ಮ ಪಟ್ಟಣದ ಕಾಲೇಜಿಗೆ ಕಳುಹಿಸಿದರು. ಅವರು ಅಲ್ಲಿ ತರ್ಕವನ್ನೂ ತತ್ವವನ್ನೂ ಕಲಿತದ್ದು ನಿಜ. ಆದರೆ ಅವರ ಬದುಕಿನ ದಿಕ್ಕನ್ನು ತಿರುಗಿಸಿದವರು ಅಲ್ಲಿನ ಪ್ರಾಧ್ಯಾಪಕರಲ್ಲ, ಬಾಗಿಲು ಕಾಯುವ ಮುದುಕ.

ಆ ಮುದುಕರ ಹೆಸರು ಸಹೋದರ ಅಲ್ಫೋನ್ಸ್ ರೊದ್ರಿಗೇಸ್. ಸೆಗೋವಿಯ ಊರಿನ ಬಟ್ಟೆ ವ್ಯಾಪಾರಿಯಾಗಿದ್ದವರು. ಮಡದಿಯನ್ನೂ ಮಕ್ಕಳನ್ನೂ ಒಬ್ಬೊಬ್ಬರಾಗಿ ಮಣ್ಣಿಗೆ ಒಪ್ಪಿಸಿ, ವ್ಯಾಪಾರವನ್ನೂ ಕಳೆದುಕೊಂಡು, ನಲವತ್ತರ ಹೊತ್ತಿಗೆ ಯೇಸುಸಭೆಯಲ್ಲಿ ಸಹೋದರರಾಗಿ ಸೇರಿದ್ದರು. ಯಾಜಕರಾಗುವಷ್ಟು ಓದು ಅವರಿಗಿರಲಿಲ್ಲ. ಆದ್ದರಿಂದ ಬಾಗಿಲು ಕಾಯುವ ಕೆಲಸ ಕೊಟ್ಟರು. ದಶಕಗಳ ಕಾಲ ಅವರು ಮಾಡಿದ್ದು ಅದೊಂದೇ. ಗಂಟೆ ಬಾರಿಸಿದಾಗ ಎದ್ದುಹೋಗಿ ಬಾಗಿಲು ತೆರೆಯುವುದು, ಬಂದವರನ್ನು ಬರಮಾಡಿಕೊಳ್ಳುವುದು, ಭಿಕ್ಷುಕನಿದ್ದರೆ ಅನ್ನ ಕೊಡುವುದು. ಗಂಟೆಯ ಸದ್ದು ಕೇಳಿದಾಗಲೆಲ್ಲ ಹೊರಗೆ ನಿಂತಿರುವವನು ಪ್ರಭು ಯೇಸುವೇ ಎಂದು ಮನಸ್ಸಿನಲ್ಲಿ ಭಾವಿಸಿ ಅವರು ಹೆಜ್ಜೆಯಿಡುತ್ತಿದ್ದರು. ಕ್ಲಾವೆರರು ಪಾಲ್ಮಕ್ಕೆ ಬಂದಾಗ ಈ ಸಹೋದರರು ಎಪ್ಪತ್ತು ದಾಟಿದ್ದರು. ಸಂಜೆಯ ಬಿಡುವಿನಲ್ಲಿ ತರುಣ ವಿದ್ಯಾರ್ಥಿ ಈ ದ್ವಾರಪಾಲಕರ ಬಳಿ ಕುಳಿತು ದೇವರ ವಿಷಯ ಮಾತಾಡುತ್ತಿದ್ದರು. ಅಮೆರಿಕದ ಕಡೆಗೆ ಹೋಗುವಂತೆ, ಅಲ್ಲಿ ಯಾರೂ ಕೇಳುವವರಿಲ್ಲದ ಆತ್ಮಗಳು ಕಾಯುತ್ತಿವೆ ಎಂದು ಅವರಿಗೆ ಮನದಟ್ಟು ಮಾಡಿದವರು ಈ ಹಿರಿಯರೇ. ತಾನು ಮಠದ ಬಾಗಿಲನ್ನು ಬಿಟ್ಟು ಎಲ್ಲಿಗೂ ಹೋಗಲಾರದ ಮುದುಕರು, ಶಿಷ್ಯನನ್ನು ಮಹಾಸಾಗರದ ಬಾಗಿಲಿಗೆ ಕಳುಹಿಸಿದರು.

1610ರ ವಸಂತದಲ್ಲಿ ಕ್ಲಾವೆರರು ಸ್ಪೇನನ್ನು ಬಿಟ್ಟು ಹಡಗು ಹತ್ತಿದರು. ಮತ್ತೆ ತಾಯ್ನೆಲವನ್ನು ಅವರು ಕಾಣಲಿಲ್ಲ. ಕಾರ್ತಹೇನಕ್ಕೆ ಬಂದು, ಅಲ್ಲಿಂದ ಬೆಟ್ಟದ ನಾಡಾದ ಬೊಗೋತಕ್ಕೆ ದೈವಶಾಸ್ತ್ರ ಓದಲು ಹೋದರು. ಯಾಜಕನಾಗಲು ತಾನು ಯೋಗ್ಯನೇ, ಅಲ್ಫೋನ್ಸರಂತೆ ಸಹೋದರನಾಗಿಯೇ ಉಳಿದರೆ ಸಾಲದೇ ಎಂಬ ಸಂದೇಹ ಅವರನ್ನು ಬಹಳ ಕಾಲ ಕಾಡಿತು. ಹಿರಿಯರು ಅವರ ಬಗ್ಗೆ ಬರೆದಿಟ್ಟ ಗುಪ್ತ ವರದಿಗಳಲ್ಲಿಯೂ ದೊಡ್ಡ ಪ್ರಶಂಸೆಯಿಲ್ಲ. ಬುದ್ಧಿ ಸಾಧಾರಣ, ಲೋಕವಿವೇಕ ಸಾಲದು ಎಂಬ ಅರ್ಥದ ಮಾತುಗಳಿವೆ. ಕೊನೆಗೆ 1616ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಕಾರ್ತಹೇನದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಅಲ್ಲಿಂದ ಮುಂದೆ ಮೂವತ್ತೆಂಟು ವರ್ಷ ಅವರು ಆ ಬಂದರಿಗೆ ಅಂಟಿಕೊಂಡೇ ಬಾಳಿದರು.

ಆಗಿನ ಕಾರ್ತಹೇನದ ವ್ಯಾಪಾರದಲ್ಲಿ ಬೆಳ್ಳಿ ಹೊರಹೋಗುವ ಸರಕು, ಮನುಷ್ಯರು ಒಳಬರುವ ಸರಕು. ಆಫ್ರಿಕದಿಂದ ಗುಲಾಮರನ್ನು ತಂದಿಳಿಸಲು ಸ್ಪೇನಿನ ಅರಸರು ಅಧಿಕೃತವಾಗಿ ಅನುಮತಿಸಿದ್ದ ಮುಖ್ಯ ಬಂದರುಗಳಲ್ಲಿ ಇದೂ ಒಂದು. ಪೋರ್ಚುಗೀಸ್ ವ್ಯಾಪಾರಿಗಳು ಗಿನಿ ತೀರದಿಂದಲೂ ಅಂಗೋಲದ ಲುವಾಂಡದಿಂದಲೂ ಹಡಗು ತುಂಬಿ ಜನರನ್ನು ತರುತ್ತಿದ್ದರು. ಅವರ ಸ್ಥಿತಿಯನ್ನು ನಮಗೆ ತಿಳಿಸುವವರು ಕ್ಲಾವೆರರ ಗುರುಗಳಾದ ಯೇಸುಸಭೆಯ ಅಲೋನ್ಸೊ ದೆ ಸಂದೊವಾಲ್. ಅವರು ಕ್ಲಾವೆರರಿಗಿಂತ ಮೊದಲೇ ಈ ಕೆಲಸ ಆರಂಭಿಸಿದ್ದರು. ಹಡಗುಗಳಿಂದ ಇಳಿದವರ ಜನಾಂಗ, ಭಾಷೆ, ಆಚಾರಗಳನ್ನು ವಿಚಾರಿಸಿ ಒಂದು ಮಹಾಗ್ರಂಥವನ್ನು ಬರೆದು 1627ರಲ್ಲಿ ಸೆವಿಲ್ಲೆಯಲ್ಲಿ ಅಚ್ಚು ಹಾಕಿಸಿದರು. ಕೊರಳಿಗೆ ಸರಪಣಿ, ಕಾಲಿಗೆ ಸಂಕೋಲೆ, ಸೂರ್ಯಚಂದ್ರರನ್ನು ಕಾಣದ ಹಡಗಿನ ತಳ, ದಿನಕ್ಕೊಮ್ಮೆ ಒಂದಿಷ್ಟು ಹಿಟ್ಟು ಮತ್ತು ನೀರು, ದಾರಿಯಲ್ಲೇ ಸಾಯುವ ಅಸಂಖ್ಯ ಜನ, ಇವನ್ನೆಲ್ಲ ಆ ಗ್ರಂಥ ದಾಖಲಿಸಿದೆ.

ಇಲ್ಲಿ ಒಂದು ಪ್ರಸಂಗವನ್ನು ನಾವು ಗಮನಿಸಲೇಬೇಕು. ಹೀಗೆ ಹಿಡಿದು ತಂದ ಜನರು ನ್ಯಾಯಬದ್ಧವಾಗಿ ಗುಲಾಮರೇ ಎಂಬ ಸಂಶಯ ಸಂದೊವಾಲರ ಮನಸ್ಸಾಕ್ಷಿಯನ್ನು ಚುಚ್ಚಿತು. ಅವರು ಲುವಾಂಡದಲ್ಲಿದ್ದ ಯೇಸುಸಭೆಯ ಹಿರಿಯರಾದ ಲುಯಿಸ್ ಬ್ರಾಂದಾವೊ ಎಂಬವರಿಗೆ ಪತ್ರ ಬರೆದು ವಿಚಾರಿಸಿದರು. 1610ರಲ್ಲಿ ಉತ್ತರ ಬಂತು. ಲಿಸ್ಬನ್ನಿನ ವಿದ್ವಾಂಸರು ಇದರಲ್ಲಿ ತಪ್ಪು ಕಂಡಿಲ್ಲ, ಇಲ್ಲಿನ ಬಿಷಪರುಗಳು ಕಂಡಿಲ್ಲ, ನಮ್ಮ ಗುರುಗಳೂ ಕೊಳ್ಳುತ್ತಾರೆ, ಆದ್ದರಿಂದ ಸಂಶಯ ಬೇಡ ಎಂಬುದೇ ಅದರ ಸಾರಾಂಶ. ಎಷ್ಟು ಸುಲಭವಾದ ಸಮಾಧಾನ! ಸಾಗರದಾಚೆಯಿಂದ ಒಂದು ಪ್ರಾಮಾಣಿಕ ಪ್ರಶ್ನೆ ಬಂತು. ದೊಡ್ಡವರು ಯಾರೂ ಆಕ್ಷೇಪಿಸಿಲ್ಲ ಎಂಬ ಮಾತಿನಿಂದ ಅದರ ಬಾಯಿ ಮುಚ್ಚಿಸಲಾಯಿತು. ನಾವು ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ, ಕೆಲವರು ಸ್ವಭಾವದಿಂದಲೇ ಗುಲಾಮರು ಎಂದು ಅರಿಸ್ಟಾಟಲನಂತಹ ಮಹಾಬುದ್ಧಿವಂತನು ವಾದಿಸಿದ್ದನ್ನು ಕಂಡು ಬೆರಗಾಗಿದ್ದೆವು. ಆದರೆ ಬೆರಗಾಗಬೇಕಾದದ್ದು ಅವನೊಬ್ಬನ ಬಗ್ಗೆ ಅಲ್ಲ. ಅವನಿಗಿಂತ ಸುಮಾರು ಎರಡು ಸಾವಿರ ವರ್ಷಗಳ ಬಳಿಕ, ಎಲ್ಲ ಮನುಷ್ಯರೂ ದೇವರ ಪ್ರತಿರೂಪವೆಂದು ಕಲಿತವರೂ ಅದೇ ಕತ್ತಲಲ್ಲಿ ನಡೆದರಲ್ಲ ಎಂಬುದರ ಬಗ್ಗೆ.

ಕ್ಲಾವೆರರು ಗ್ರಂಥ ಬರೆಯಲಿಲ್ಲ. ವಾದ ಹೂಡಲಿಲ್ಲ. ಅವರು ಬಾಗಿಲಲ್ಲಿ ನಿಂತರು. ಗುಲಾಮರ ಹಡಗು ಬರುತ್ತಿದೆ ಎಂದು ಮೊದಲು ಸುದ್ದಿ ತರುವವರಿಗಾಗಿ ಬಲಿಪೂಜೆ ಅರ್ಪಿಸುವುದಾಗಿ ಅವರು ಮಾತು ಕೊಟ್ಟಿದ್ದರೆಂದು ಚರಿತ್ರಕಾರರು ಹೇಳುತ್ತಾರೆ. ಸುದ್ದಿ ಬಂದ ಕೂಡಲೇ ಕಿತ್ತಳೆ, ನಿಂಬೆ, ಬಾಳೆಹಣ್ಣು, ಬಿಸ್ಕತ್ತು, ತಂಬಾಕು, ಔಷಧಿಗಳನ್ನು ಬುಟ್ಟಿಗಳಲ್ಲಿ ತುಂಬಿಕೊಂಡು, ದುಭಾಷಿಗಳನ್ನು ಕರೆದುಕೊಂಡು ದೋಣಿಯಲ್ಲಿ ಹಡಗಿನತ್ತ ಹೊರಡುತ್ತಿದ್ದರು. ಇತರರು ಮೂಗು ಮುಚ್ಚಿಕೊಂಡು ಹಿಂದೆ ಸರಿಯುವ ಆ ತಳಕ್ಕೆ ಅವರು ಇಳಿಯುತ್ತಿದ್ದರು. ತಮ್ಮನ್ನು ಕೊಂದು ಎಣ್ಣೆ ತೆಗೆಯುತ್ತಾರೆ, ತಿಂದುಹಾಕುತ್ತಾರೆ ಎಂದು ಭಯದಿಂದ ನಡುಗುತ್ತಿದ್ದ ಜನರಿಗೆ, ಅಂತಹುದೇನೂ ನಡೆಯದೆಂದು ದುಭಾಷಿಗಳ ಮೂಲಕ ಧೈರ್ಯ ಹೇಳುತ್ತಿದ್ದರು. ಮೊದಲು ಬಾಯಾರಿದವರಿಗೆ ನೀರು, ಹುಣ್ಣುಗಳಿಗೆ ಮದ್ದು. ಸಾಯುತ್ತಿದ್ದವರಿಗೂ ಎಳೆಯ ಶಿಶುಗಳಿಗೂ ಜ್ಞಾನಸ್ನಾನ. ಬೋಧನೆ ಆಮೇಲೆ.

1627ರ ಮೇ ತಿಂಗಳಲ್ಲಿ ಅವರು ತಮ್ಮ ಹಿರಿಯರಿಗೆ ಬರೆದ ಒಂದು ಪತ್ರ ಉಳಿದಿದೆ. ಪರಮ ತ್ರೈಏಕ್ಯದ ಹಬ್ಬದ ಹೊತ್ತಿಗೆ ದೊಡ್ಡ ಹಡಗೊಂದರಿಂದ ಬಹಳ ಮಂದಿ ಆಫ್ರಿಕನ್ನರು ಇಳಿದಿದ್ದರು. ಅವರನ್ನು ಕೂಡಿಹಾಕಿದ್ದ ಸ್ಥಳದಲ್ಲಿ ನೆಲವೆಲ್ಲ ಒದ್ದೆ, ಕೆಸರು. ರೋಗಿಗಳು ಬರಿಮೈಯಲ್ಲಿ ನೆಲದ ಮೇಲೆ ಬಿದ್ದಿದ್ದರು. ಕ್ಲಾವೆರರೂ ಜೊತೆಗಿದ್ದವರೂ ಜನರ ನಡುವೆ ದಾರಿ ಮಾಡಿಕೊಂಡು ರೋಗಿಗಳ ಬಳಿ ತಲುಪಿದರು. ಮರದ ಹಲಗೆಗಳನ್ನು ತಂದು ತೇವವಿಲ್ಲದ ಒಂದು ಜಗಲಿ ಮಾಡಿದರು. ರೋಗಿಗಳನ್ನು ತೋಳುಗಳಲ್ಲಿ ಎತ್ತಿ ಅದರ ಮೇಲೆ ಮಲಗಿಸಿದರು. ಇಬ್ಬರು ಸತ್ತವರಂತೆಯೇ ತಣ್ಣಗಾಗಿದ್ದರು, ನಾಡಿ ಸಿಗುತ್ತಿರಲಿಲ್ಲ. ಕೆಂಡ ತರಿಸಿ ಅವರ ಬಳಿಯಿಟ್ಟು, ಸುಗಂಧದ್ರವ್ಯ ಹಾಕಿ ಹೊಗೆಯೆಬ್ಬಿಸಿ, ತಮ್ಮ ಮೇಲಂಗಿಗಳನ್ನು ಹೊದಿಸಿದರು. ಸ್ವಲ್ಪ ಹೊತ್ತಿನಲ್ಲಿ ಆ ಇಬ್ಬರು ಕಣ್ಣು ತೆರೆದು ಇವರತ್ತ ಸಂತೋಷದಿಂದ ನೋಡಿದರಂತೆ. ಆ ಪತ್ರದಲ್ಲಿ ದೈವಶಾಸ್ತ್ರದ ಪಾಂಡಿತ್ಯವಿಲ್ಲ. ಹೆಂಚಿನ ಚೂರು, ಕೆಂಡ, ಕಂಬಳಿಯ ಲೆಕ್ಕವಿದೆ. ಪ್ರೀತಿಯು ವಿವರಗಳಲ್ಲಿ ವಾಸಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ಮೇಲಂಗಿಯ ಕಥೆಯೇ ಒಂದು ಅಧ್ಯಾಯ. ಕುಷ್ಠರೋಗಿಗೆ ಹೊದಿಕೆ, ನರಳುವವನಿಗೆ ತಲೆದಿಂಬು, ಬೆತ್ತಲೆ ದೇಹಕ್ಕೆ ಮರೆ, ಎಲ್ಲವೂ ಅದೇ. ದಿನದಲ್ಲಿ ಹಲವು ಬಾರಿ ಅದನ್ನು ಒಗೆಯಬೇಕಾಗುತ್ತಿತ್ತು. ಸಂತ ಲಾಜರನ ಹೆಸರಿನ ಕುಷ್ಠಾಲಯಕ್ಕೂ ಸಂತ ಸೆಬಾಸ್ಟಿಯನ್ನರ ಆಸ್ಪತ್ರೆಗೂ ಅವರು ಎಡೆಬಿಡದೆ ಹೋಗುತ್ತಿದ್ದರು. ಈಸ್ಟರ್ ಮುಗಿದ ಮೇಲೆ ಹಳ್ಳಿಗಾಡಿನ ತೋಟಗಳಿಗೆ ನಡೆದು, ಅಲ್ಲಿ ದುಡಿಯುತ್ತಿದ್ದ ಗುಲಾಮರನ್ನು ವಿಚಾರಿಸುತ್ತಿದ್ದರು. ಒಡೆಯರ ಮನೆಯ ಹಾಸಿಗೆ ಬೇಡವೆಂದು ಗುಲಾಮರ ಗುಡಿಸಲಿನಲ್ಲಿಯೇ ತಂಗುತ್ತಿದ್ದರು. ಚರ್ಚಿನಲ್ಲಿ ಪಾಪನಿವೇದನೆಗೆ ಕುಳಿತರೆ ಮೊದಲ ಸರದಿ ಗುಲಾಮರದು. ರೇಷ್ಮೆಯುಟ್ಟ ಸ್ಪೇನಿನ ಮಹಿಳೆಯರು ಕಾಯಬೇಕಾಗಿತ್ತು. ಈ ಜನರು ಬಂದು ಹೋದ ಚರ್ಚಿನಲ್ಲಿ ನಮಗೆ ಕೂರಲಾಗದು ಎಂದು ದೂರುಗಳು ಹೋದವು. ಹಿರಿಯರು ಕ್ಲಾವೆರರನ್ನು ಕರೆದು ಗದರಿಸಿದ್ದೂ ಉಂಟು. ಅವರು ತಲೆತಗ್ಗಿಸಿ ಕೇಳಿದರು, ಮರುದಿನ ಅದನ್ನೇ ಮಾಡಿದರು.

1622ರ ಏಪ್ರಿಲ್ 3ರಂದು ತಮ್ಮ ಅಂತಿಮ ವ್ರತಗಳನ್ನು ಸ್ವೀಕರಿಸಿದಾಗ, ಬಡತನ, ಬ್ರಹ್ಮಚರ್ಯ, ವಿಧೇಯತೆಯ ಮಾತುಗಳ ಕೆಳಗೆ ಹೆಸರು ಬರೆದು, ಆಫ್ರಿಕನ್ನರ ಪಾಲಿಗೆ ತಾನು ಎಂದೆಂದಿಗೂ ದಾಸನೆಂದು ಲತೀನಿನಲ್ಲಿ ಒಂದು ಮಾತನ್ನು ಸೇರಿಸಿದರು. ಅವರ ಕೈಯಿಂದ ಜ್ಞಾನಸ್ನಾನ ಪಡೆದವರ ಸಂಖ್ಯೆ ಮೂರು ಲಕ್ಷವೆಂದು ಹಳೆಯ ಜೀವನಚರಿತ್ರೆಗಳು ಹೇಳುತ್ತವೆ. ಸಂಖ್ಯೆ ಎಷ್ಟೇ ಇರಲಿ, ನಮಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಹತ್ತು ಹತ್ತು ಮಂದಿಯ ಗುಂಪು ಮಾಡಿ, ನೆನಪಿಡಲು ಸುಲಭವಾಗಲೆಂದು ಒಂದೊಂದು ಗುಂಪಿಗೆ ಒಂದೇ ಹೆಸರಿಟ್ಟು, ಕೊರಳಿಗೆ ಯೇಸು ಮರಿಯರ ಸೀಸದ ಪದಕ ಕಟ್ಟುತ್ತಿದ್ದರು. ವ್ಯಾಪಾರಿಯ ಪುಸ್ತಕದಲ್ಲಿ ಬರೀ ಸರಕಾಗಿದ್ದ ಮನುಷ್ಯನಿಗೆ ಆ ಬಂದರಿನಲ್ಲಿ ಒಬ್ಬರು ಹೆಸರು ಹಿಡಿದು ಕರೆದರು.

ಆದರೆ ಸಂತರ ಜೀವನವನ್ನು ಹೇಳುವಾಗ ಕಷ್ಟದ ಮಾತನ್ನು ಮರೆಮಾಚುವುದು ಸಂತರಿಗೆ ಮಾಡುವ ಗೌರವವಲ್ಲ. ಕ್ಲಾವೆರರ ಜೊತೆಗೆ ಹಡಗಿನ ತಳಕ್ಕೆ ಇಳಿಯುತ್ತಿದ್ದ ದುಭಾಷಿಗಳು ಯಾರು? ಅವರೂ ಗುಲಾಮರೇ. ಯೇಸುಸಭೆಯ ಕಾಲೇಜು ಅವರನ್ನು ಹಣ ಕೊಟ್ಟು ಕೊಂಡಿತ್ತು. ಹನ್ನೊಂದು ಭಾಷೆ ಬಲ್ಲ ಒಬ್ಬನಿಗೆ ಪ್ರಸಿದ್ಧ ನಿಘಂಟುಕಾರನ ನೆನಪಿನಲ್ಲಿ ಕಲೆಪಿನೊ ಎಂದು ಅಡ್ಡಹೆಸರಿಟ್ಟಿದ್ದರು. ಅಂಗೋಲದ ಆಂದ್ರೆಸ್ ಸಕಬೂಚೆ ಎಂಬ ಇನ್ನೊಬ್ಬ ದುಭಾಷಿ ವರ್ಷಾನುಗಟ್ಟಲೆ ಅವರೊಂದಿಗೆ ದುಡಿದನು. ಇವರ ನಾಲಿಗೆಯಿಲ್ಲದಿದ್ದರೆ ಕ್ಲಾವೆರರ ಪ್ರೀತಿ ಮೂಕವಾಗುತ್ತಿತ್ತು. ಹಾಗಿದ್ದರೂ ಇವರು ಬಿಡುಗಡೆಯ ಜನರಾಗಿರಲಿಲ್ಲ. ಗುಲಾಮಗಿರಿಯೇ ಪಾಪವೆಂದು ಕ್ಲಾವೆರರು ಬೀದಿಯಲ್ಲಿ ನಿಂತು ಸಾರಲೂ ಇಲ್ಲ. ಅದೇ ನಗರದಲ್ಲಿ ಬೇರೆ ದಾರಿ ಹಿಡಿದವರಿದ್ದರು. ಬೆಂಕೋಸ್ ಬಿಯೋಹೊ ಎಂಬ ಆಫ್ರಿಕದ ವೀರನು ಸಂಕೋಲೆ ಹರಿದು ಓಡಿಹೋಗಿ, ಕಾಡಿನಲ್ಲಿ ಸ್ವತಂತ್ರರ ನೆಲೆ ಕಟ್ಟಿದನು. 1621ರಲ್ಲಿ ಅವನನ್ನು ಕಾರ್ತಹೇನದಲ್ಲಿ ಗಲ್ಲಿಗೇರಿಸಿದರು. ಆಗ ಕ್ಲಾವೆರರು ಯಾಜಕರಾಗಿ ಐದು ವರ್ಷಗಳಾಗಿದ್ದವು. ಹೀಗೆ ತಪ್ಪಿಸಿಕೊಂಡವರ ವಂಶಜರ ಊರಾದ ಸಾನ್ ಬಸಿಲಿಯೊ ದೆ ಪಲೆಂಕೆ ಇಂದಿಗೂ ಆ ನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ತನ್ನದೇ ಭಾಷೆ, ತನ್ನದೇ ಡೋಲಿನ ನಾದದೊಂದಿಗೆ ಬದುಕಿದೆ.

ಹಾಗಾದರೆ ನಾವು ಕ್ಲಾವೆರರನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ತಮ್ಮ ಕಾಲದ ಕುರುಡುತನದಿಂದ ಅವರು ಪೂರ್ತಿಯಾಗಿ ಹೊರಬರಲಿಲ್ಲ ಎಂಬುದನ್ನು ಒಪ್ಪೋಣ. ಆದರೆ ಅವರ ಕೈಗಳು ಮಾಡಿದ ಕೆಲಸ ಅವರ ಕಾಲದ ಪುಸ್ತಕಗಳಿಗಿಂತ ಬಹಳ ಮುಂದೆ ಹೋಗಿತ್ತು. ಯಾರ ಗಾಯವನ್ನು ತೊಳೆದು, ಯಾರ ಹೆಸರು ಕೇಳಿ, ಯಾರನ್ನು ಚರ್ಚಿನಲ್ಲಿ ಒಡತಿಯ ಮುಂದೆ ನಿಲ್ಲಿಸುತ್ತೇವೆಯೋ ಅವನು ಸರಕಾಗಿ ಉಳಿಯುವುದು ಸಾಧ್ಯವಿಲ್ಲ. ಬುದ್ಧಿ ತಲುಪದ ಸತ್ಯವನ್ನು ಕೈಗಳು ಮುಟ್ಟಿದ್ದವು. ಬುದ್ಧಿ ಅಲ್ಲಿಗೆ ತಲುಪಲು ಇನ್ನೂ ಬಹಳ ಕಾಲ ಬೇಕಾಯಿತು. ಕೊಲಂಬಿಯದಲ್ಲಿ ಗುಲಾಮಗಿರಿ ರದ್ದಾದದ್ದು 1851ರ ಕಾನೂನಿನಿಂದ, ಅವರು ತೀರಿಕೊಂಡು ಸುಮಾರು 200 ವರ್ಷಗಳಾದ ಮೇಲೆ.

ಅವರ ಕೊನೆಯ ವರ್ಷಗಳು ಇನ್ನಷ್ಟು ಕಠಿಣ. 1650ರಲ್ಲಿ ಹಳ್ಳಿಗಳಲ್ಲಿ ಬೋಧಿಸುತ್ತಿದ್ದಾಗ ಅಸ್ವಸ್ಥರಾಗಿ ಹಿಂತಿರುಗಿದರು. ಅದೇ ಹೊತ್ತಿಗೆ ಕಾರ್ತಹೇನಕ್ಕೆ ಸಾಂಕ್ರಾಮಿಕ ರೋಗ ಅಪ್ಪಳಿಸಿ ಅನೇಕ ಗುರುಗಳನ್ನು ಬಲಿತೆಗೆದುಕೊಂಡಿತು. ಕ್ಲಾವೆರರು ಬದುಕಿದರು, ಆದರೆ ಕೈಕಾಲು ನಡುಗುವ ರೋಗಿಯಾಗಿ. ನಾಲ್ಕು ವರ್ಷ ಆ ಚಿಕ್ಕ ಕೋಣೆಯಲ್ಲಿ ಬಿದ್ದುಕೊಂಡಿದ್ದರು. ಊರು ಅವರನ್ನು ಮರೆಯಿತು. ಅವರನ್ನು ನೋಡಿಕೊಳ್ಳಲು ಮಠದವರು ನೇಮಿಸಿದ್ದು ಒಬ್ಬ ಗುಲಾಮ ತರುಣನನ್ನು. ಅವನು ಅವರನ್ನು ಅಲಕ್ಷಿಸಿದನು, ಒರಟಾಗಿ ನಡೆಸಿಕೊಂಡನು, ಅವರ ಪಾಲಿನ ಊಟವನ್ನು ತಾನೇ ತಿಂದನು. ಕ್ಲಾವೆರರು ದೂರಲಿಲ್ಲ. ತನ್ನ ಪಾಪಗಳಿಗೆ ಇದು ತಕ್ಕದ್ದೇ ಎಂದು ಭಾವಿಸಿದರು. ಈ ಘಟನೆಯನ್ನು ಸಂತರ ತಾಳ್ಮೆಗೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ನಮಗಾದರೋ ಆ ಹೆಸರಿಲ್ಲದ ತರುಣನೂ ನೆನಪಾಗುತ್ತಾನೆ. ಪ್ರೀತಿಯನ್ನು ಆಜ್ಞೆಯಿಂದ ಪಡೆಯಲಾಗದು. ಬಂಧನದಲ್ಲಿರುವವನ ಕೈಯಿಂದ ಸೇವೆಯನ್ನು ಕಸಿದುಕೊಳ್ಳಬಹುದು, ಮಮತೆಯನ್ನಲ್ಲ. ಬಹುಶಃ ಕ್ಲಾವೆರರಿಗೆ ಅದು ಅರ್ಥವಾಗಿತ್ತು.

1654ರ ಸೆಪ್ಟೆಂಬರಿನ ಆರಂಭದಲ್ಲಿ ಅವರು ಸಾಯುತ್ತಿದ್ದಾರೆಂಬ ಸುದ್ದಿ ಹಬ್ಬಿದಾಗ ಊರು ಎಚ್ಚೆತ್ತಿತು. ಜನರು ಮಠಕ್ಕೆ ನುಗ್ಗಿ, ಅವರ ಕೈಗೆ ಮುತ್ತಿಟ್ಟು, ಕೋಣೆಯಲ್ಲಿದ್ದುದನ್ನೆಲ್ಲ ಪವಿತ್ರ ಸ್ಮಾರಕಗಳೆಂದು ಎತ್ತಿಕೊಂಡು ಹೋದರು. 8ರ ನಸುಕಿನಲ್ಲಿ ಪ್ರಾಣ ಹೋಯಿತು. ಅವರನ್ನು ಹುಬ್ಬುಗಂಟಿಕ್ಕಿ ನೋಡುತ್ತಿದ್ದ ಅಧಿಕಾರಿಗಳೇ ಸಾರ್ವಜನಿಕ ಗೌರವದಿಂದ ಸಮಾಧಿ ಮಾಡಿಸಿದರು. ಕೆಲವು ವರ್ಷಗಳ ಬಳಿಕ ಅವರ ಜೀವನದ ಬಗ್ಗೆ ವಿಚಾರಣೆ ನಡೆದಾಗ ಸಾಕ್ಷಿ ನುಡಿದವರಲ್ಲಿ ದುಭಾಷಿ ಆಂದ್ರೆಸ್ ಸಕಬೂಚೆಯೂ ಇದ್ದನು. ಜೀವನವಿಡೀ ಬೇರೆಯವರ ಮಾತನ್ನು ಅನುವಾದಿಸಿದವನು ಅಂದು ತನ್ನ ಮಾತನ್ನು ತಾನೇ ಆಡಿದನು. ಧರ್ಮಸಭೆ ಅದನ್ನು ಬರೆದಿಟ್ಟುಕೊಂಡಿತು.

1888ರ ಜನವರಿ 15ರಂದು ಪೋಪ್ 13ನೇ ಲಿಯೋ ಅವರು ಕ್ಲಾವೆರರಿಗೆ ಸಂತಪದವಿ ನೀಡಿದರು. ಅದೇ ದಿನ, ಅದೇ ಸಮಾರಂಭದಲ್ಲಿ ಬಾಗಿಲು ಕಾಯುವ ಸಹೋದರ ಅಲ್ಫೋನ್ಸರೂ ಸಂತರೆಂದು ಘೋಷಿತರಾದರು. ಗುರುವೂ ಶಿಷ್ಯನೂ ಸಾಗರದ ಎರಡು ದಡಗಳಿಂದ ಬಂದು ಒಟ್ಟಿಗೆ ಬಲಿಪೀಠವೇರಿದರು. ಅದೇ ವರ್ಷದ ಮೇ ತಿಂಗಳಲ್ಲಿ ಬ್ರೆಜಿಲ್ ದೇಶ ಗುಲಾಮಗಿರಿಯನ್ನು ರದ್ದುಪಡಿಸಿತು. ಆ ಸಂದರ್ಭದಲ್ಲಿ ಅಲ್ಲಿನ ಬಿಷಪರಿಗೆ ಬರೆದ ವಿಶ್ವಪತ್ರದಲ್ಲಿ ಪೋಪ್ ಲಿಯೋ ಅವರು ಗುಲಾಮಗಿರಿಯನ್ನು ಸ್ಪಷ್ಟವಾಗಿ ಖಂಡಿಸಿದರು. 1896ರಲ್ಲಿ ಆಫ್ರಿಕನ್ ಮೂಲದ ಜನರ ನಡುವಣ ಸೇವಾಕಾರ್ಯಕ್ಕೆಲ್ಲ ಕ್ಲಾವೆರರನ್ನು ಪಾಲಕ ಸಂತರೆಂದು ಸಾರಿದರು. 1986ರಲ್ಲಿ ಪೋಪ್ 2ನೇ ಜಾನ್ ಪಾಲ್, 2017ರಲ್ಲಿ ಪೋಪ್ ಫ್ರಾನ್ಸಿಸ್ ಕಾರ್ತಹೇನಕ್ಕೆ ಬಂದು ಅವರ ಸಮಾಧಿಯ ಬಳಿ ಪ್ರಾರ್ಥಿಸಿದರು. ಕೊಲಂಬಿಯ ಸರಕಾರವು 1985ರ ಒಂದು ಕಾನೂನಿನ ಮೂಲಕ ಸೆಪ್ಟೆಂಬರ್ 9ನ್ನು ಮಾನವ ಹಕ್ಕುಗಳ ರಾಷ್ಟ್ರೀಯ ದಿನವನ್ನಾಗಿ ಮಾಡಿತು.

ಈ ಕಥೆ ನಮಗೆ ದೂರದ್ದೆಂದು ತೋರಬಹುದು. ಆದರೆ ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಯ ಕಾಡಂಚಿನ ಊರುಗಳಲ್ಲಿ ಸಿದ್ದಿ ಸಮುದಾಯದವರಿದ್ದಾರೆ. ಇವರ ಪೂರ್ವಜರಲ್ಲಿ ಅನೇಕರು ಆಫ್ರಿಕದಿಂದ ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಪಶ್ಚಿಮ ಘಟ್ಟದ ಕಾಡುಗಳಲ್ಲಿ ನೆಲೆಸಿದವರು. ಪಲೆಂಕೆಯ ಕಥೆಯೂ ಸಿದ್ದಿಗಳ ಕಥೆಯೂ ಒಂದೇ ತಾಯಿಯ ಮಕ್ಕಳಂತಿವೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮದೇ ಕಥೋಲಿಕ ಸಹೋದರ ಸಹೋದರಿಯರೂ ಇದ್ದಾರೆ. ಅವರು ನುಡಿಸುವ ಡಮಾಮಿಯ ಸದ್ದಿನಲ್ಲಿ ಆಫ್ರಿಕದ ನೆನಪಿದೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಮಾನ್ಯತೆ ಪಡೆದರು. ಅವರ ಪೂರ್ವಜರು ಇಳಿದ ಬಂದರಿನಲ್ಲಿ ಹಣ್ಣಿನ ಬುಟ್ಟಿ ಹಿಡಿದು ಯಾರಾದರೂ ಕಾದಿದ್ದರೇ ಎಂದು ನಾವು ಕೇಳಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಇಂದು ಅವರ ಮಕ್ಕಳು ನಮ್ಮ ಶಾಲೆಗೆ, ನಮ್ಮ ಹಾಸ್ಟೆಲಿಗೆ, ನಮ್ಮ ಚರ್ಚಿನ ಬೆಂಚಿಗೆ ಬಂದಾಗ ನಾವು ಯಾವ ಕಣ್ಣಿನಿಂದ ನೋಡುತ್ತೇವೆ ಎಂದು ಕೇಳಿಕೊಳ್ಳಬೇಕು.

ನಮ್ಮ ಬಂದರುಗಳಲ್ಲಿ ಈಗ ಸಂಕೋಲೆಗಳಿಲ್ಲ. ಆದರೆ ದೂರದ ರಾಜ್ಯಗಳಿಂದ ಬಂದು ನಮ್ಮ ಮೀನುಗಾರಿಕಾ ದೋಣಿಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ತರುಣರಿದ್ದಾರೆ. ನಮ್ಮ ಮನೆಗಳ ಹಿಂಬಾಗಿಲಿನಿಂದ ಒಳಬಂದು ಪಾತ್ರೆ ತೊಳೆದು ಹೋಗುವ ಹೆಣ್ಣುಮಕ್ಕಳಿದ್ದಾರೆ. ಅವರ ಹೆಸರು ನಮಗೆ ಗೊತ್ತೇ? ಅವರಿಗೆ ಜ್ವರ ಬಂದಾಗ ಹೊದಿಕೆ ಕೊಟ್ಟವರು ಯಾರು? ಎಲ್ಲರೂ ಹೀಗೆಯೇ ಮಾಡುತ್ತಾರೆ, ದೊಡ್ಡವರು ಯಾರೂ ತಪ್ಪೆಂದಿಲ್ಲ ಎಂದು ಲುವಾಂಡದ ಪತ್ರದಂತೆ ನಾವೂ ನಮ್ಮ ಮನಸ್ಸಾಕ್ಷಿಗೆ ಉತ್ತರ ಬರೆದುಕೊಂಡಿದ್ದೇವೆಯೇ? ಮುಂದಿನ ತಲೆಮಾರು ನಮ್ಮ ಯಾವ ಕುರುಡುತನವನ್ನು ಕಂಡು ಬೆರಗಾಗುವುದೋ ನಾವರಿಯೆವು. ಆದರೆ ಕಣ್ಣು ಕಾಣದಿದ್ದಾಗಲೂ ಕೈ ಚಾಚಬಹುದು ಎಂಬುದನ್ನು ಕ್ಲಾವೆರರು ತೋರಿಸಿಕೊಟ್ಟಿದ್ದಾರೆ.

ಈ ಸಾರಿ ತೆನೆಹಬ್ಬದ ಊಟಕ್ಕೆ ಕುಳಿತಾಗ, ಅದೇ ದಿನದ ನಸುಕಿನಲ್ಲಿ ದೂರದ ಬಂದರಿನ ಚಿಕ್ಕ ಕೋಣೆಯೊಂದರಲ್ಲಿ ಕಣ್ಣುಮುಚ್ಚಿದ ಆ ದ್ವಾರಪಾಲಕರನ್ನು ಒಂದು ಕ್ಷಣ ನೆನೆಯೋಣ. ಹೊಸ ಅಕ್ಕಿಯ ಅನ್ನದ ಒಂದು ಪಾಲು ನಮ್ಮ ಮನೆಯ ಹಿಂಬಾಗಿಲಿಗೂ ತಲುಪಲಿ. ಆಗ ಮರುದಿನ ಬೆಳಿಗ್ಗೆ ಚರ್ಚಿಗೆ ಬರಲಾಗದಿದ್ದರೂ ಸಂತ ಪೇತ್ರ ಕ್ಲಾವೆರರ ಹಬ್ಬವನ್ನು ನಾವು ಆಚರಿಸಿದಂತಾಯಿತು.